ಕಾವಲಿ ಮೇಲೆ ಚೀಸ್ ಕೆಟ್ಟರೆ ತಪ್ಪು ಎಲ್ಲಿ ಹುಡುಕಬೇಕು?

ಚೀಸ್ ಹುರಿಯಲು ಹೋಗಿ ಕೆಟ್ಟರೆ ನಾವು ಮೊದಲು ಬೈಯುವುದು ಉರಿಯನ್ನು. ಆಮೇಲೆ ಕಾವಲಿಯನ್ನು. ಚೀಸಿನ ತುಂಡನ್ನು ಯಾರೂ ಅನುಮಾನಿಸುವುದಿಲ್ಲ. ಎರಡು ವರ್ಷ ಹುರಿದು, ಕೆಡಿಸಿ, ಮತ್ತೆ ಹುರಿದ ಮೇಲೆ ನನಗೆ ಗೊತ್ತಾಗಿದ್ದು ಇಷ್ಟು: ಹುಡುಕುವ ಕ್ರಮ ಇದಕ್ಕೆ ಪೂರ್ತಿ ಉಲ್ಟಾ ಇರಬೇಕು. ಮೊದಲು ಚೀಸಿನ ಜಾತಿ ನೋಡಿ. ಆಮೇಲೆ ಅದರೊಳಗಿನ ನೀರು ನೋಡಿ. ಕಾವಲಿ ಮತ್ತು ಉರಿ ಕೊನೆಗೆ.

ನಮ್ಮ ಮನೆ ಇರುವುದು ತೀರ್ಥಹಳ್ಳಿ ಕಡೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಅಕ್ಕನ ಮಗಳು ಒಂದು ದಿನ ಫೋನ್ ಮಾಡಿ, "ಚಿಕ್ಕಮ್ಮ, ದೋಸೆ ಕಾವಲಿ ಮೇಲೆ ಹುರಿದು ತಿನ್ನೋ ಚೀಸ್ ಇದೆ, ಕರಗೋದೇ ಇಲ್ಲ, ಒಮ್ಮೆ ಮಾಡಿ ನೋಡು" ಅಂದಳು. ಮುಂದಿನ ವಾರ ಶಿವಮೊಗ್ಗಕ್ಕೆ ಹೋದಾಗ ಒಂದು ಅಂಗಡಿಯಲ್ಲಿ "ಹುರಿಯೋಕೆ ಚೀಸ್ ಕೊಡಿ" ಅಂತ ಕೇಳಿದೆ. ಒಂದು ಬಿಳಿ ಗಟ್ಟಿ ಕೊಟ್ಟರು. ಮನೆಗೆ ತಂದು ಕಿರುಬೆರಳ ದಪ್ಪಕ್ಕೆ ಕತ್ತರಿಸಿ, ಕಾದ ಕಾವಲಿ ಮೇಲೆ ನಾಲ್ಕು ತುಂಡು ಇಟ್ಟೆ. ಅರ್ಧ ನಿಮಿಷಕ್ಕೆ ಮೂಲೆಗಳು ಮೊಂಡಾದವು. ಒಂದು ನಿಮಿಷಕ್ಕೆ ಬುಡ ಅಗಲವಾಯಿತು. ಸಟ್ಟುಗ ಹಾಕುವಷ್ಟರಲ್ಲಿ ನಾಲ್ಕೂ ತುಂಡು ಒಂದಾಗಿ ನೀರುದೋಸೆ ಥರ ಹರಡಿಕೊಂಡಿದ್ದವು. ಎತ್ತಿದರೆ ಮೊಳದುದ್ದ ಎಳೆ ಬರುತ್ತಿತ್ತು. ಫೋಟೋ ಕಳಿಸಿದೆ. "ಚಿಕ್ಕಮ್ಮ, ಅದು ಮೊಝರೆಲ್ಲಾ. ಪಿಜ್ಜಾಕ್ಕೆ ಹಾಕೋದು" ಅಂದಳು.

ಉರಿ ಸರಿಯಾಗೇ ಇತ್ತು. ಕಾವಲಿಯೂ ಸರಿಯಾಗಿತ್ತು. ಆ ಚೀಸ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಕರಗುವುದೇ ಅದರ ಗುಣ.

ಕರಗಿ ಹರಡಿದರೆ

ಇದು ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು. ಇದಕ್ಕೆ ಅಡುಗೆಮನೆಯಲ್ಲಿ ಮದ್ದಿಲ್ಲ, ಅಂಗಡಿಯಲ್ಲೇ ಸರಿಮಾಡಿಕೊಳ್ಳಬೇಕು. ಹಾಗಾಗಿ ಯಾವುದು ಕರಗುತ್ತದೆ, ಯಾವುದು ಇಲ್ಲ, ಯಾಕೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಾಲಿನಲ್ಲಿ ಕೇಸಿನ್ ಅನ್ನುವ ಪ್ರೋಟೀನ್ ಇದೆ. ಅದನ್ನು ಒಂದಕ್ಕೊಂದು ಹಿಡಿದು ಕಟ್ಟುವುದು ಕ್ಯಾಲ್ಸಿಯಂ. ಗೋಡೆಯ ಇಟ್ಟಿಗೆ ನಡುವಿನ ಗಾರೆ ಇದ್ದ ಹಾಗೆ. ಮೊಝರೆಲ್ಲಾ, ಚೆಡ್ಡಾರ್ ಮಾಡುವಾಗ ಹಾಲಿಗೆ ಮೊಸರಿನ ಹೆಪ್ಪಿನಂಥ ಹೆಪ್ಪು ಹಾಕಿ ಹುಳಿ ಬರಿಸುತ್ತಾರೆ. ಹುಳಿ ಬಂದ ಹಾಗೆ ಕ್ಯಾಲ್ಸಿಯಂ ಸ್ವಲ್ಪ ಸ್ವಲ್ಪ ಬಿಟ್ಟು ಹೋಗುತ್ತದೆ. ಗಾರೆ ಸಡಿಲವಾಗುತ್ತದೆ. ಬಿಸಿ ತಾಗಿದ ಕೂಡಲೇ ಎಳೆಗಳು ಒಂದರ ಮೇಲೊಂದು ಜಾರುತ್ತವೆ. ನಾವು ಕರಗಿತು ಅನ್ನುವುದು ಈ ಜಾರುವಿಕೆಗೇ.

ಇನ್ನು ಕರಗದ ಜಾತಿ. ಹಲ್ಲೂಮಿ ಸೈಪ್ರಸ್ ದ್ವೀಪದ ಚೀಸ್. ಅಲ್ಲಿ ಆಡು, ಕುರಿ ಹಾಲಲ್ಲಿ ಮಾಡುತ್ತಾರೆ, ಆಕಳ ಹಾಲೂ ಸೇರಿಸುತ್ತಾರೆ. 2021ರಲ್ಲಿ ಐರೋಪ್ಯ ಒಕ್ಕೂಟ ಆ ಹೆಸರನ್ನು ಸೈಪ್ರಸ್ಸಿಗೇ ಮೀಸಲು ಮಾಡಿತು. ಅದಕ್ಕೆ ಹೆಪ್ಪು ಹಾಕಿ ಹುಳಿ ಬರಿಸುವ ಪದ್ಧತಿ ಇಲ್ಲ. ರೆನೆಟ್ ಅನ್ನುವ ಕಿಣ್ವ ಹಾಕಿ ಹಾಲು ಗಟ್ಟಿ ಮಾಡುತ್ತಾರೆ. ಗಟ್ಟಿಯನ್ನು ಒತ್ತಿ ನೀರಿಳಿಸಿ, ಆ ನೀರನ್ನೇ 90 ಡಿಗ್ರಿ ಮೇಲೆ ಕಾಯಿಸಿ, ತುಂಡುಗಳನ್ನು ಅದರಲ್ಲೇ ಬೇಯಿಸುತ್ತಾರೆ. ಹುಳಿ ಇಲ್ಲದ ಕಾರಣ ಕ್ಯಾಲ್ಸಿಯಂ ಪೂರ್ತಿ ಉಳಿದಿರುತ್ತದೆ. ಗಾರೆ ಭದ್ರವಾಗಿರುತ್ತದೆ. ಕಾವಲಿಗೆ ಹಾಕಿದರೆ ಮೆತ್ತಗಾಗುತ್ತದೆಯೇ ಹೊರತು ಹರಿಯುವುದಿಲ್ಲ.

ನಮ್ಮ ಪನೀರಿನ ಕಥೆ ಬೇರೆ. ಅದರಲ್ಲಿ ಲಿಂಬೆಯ ಹುಳಿ ಇದೆಯಲ್ಲ, ಹಾಗಾದರೆ ಯಾಕೆ ಕರಗುವುದಿಲ್ಲ ಅಂತ ನಾನೂ ಬಹಳ ದಿನ ಯೋಚಿಸಿದ್ದೆ. ಉತ್ತರ ನಮ್ಮ ಕೊಟ್ಟಿಗೆಯಲ್ಲೇ ಇತ್ತು. ಆಕಳು ಕರು ಹಾಕಿದಾಗ ಗಿಣ್ಣು ಮಾಡುತ್ತೇವೆ ಅಲ್ವಾ? ಗಿಣ್ಣದ ಹಾಲಿಗೆ ಹುಳಿ ಹಾಕುವುದಿಲ್ಲ. ಸುಮ್ನೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ತಾನೇ ಗಟ್ಟಿಯಾಗುತ್ತದೆ. ಮತ್ತೆ ಬಿಸಿ ಮಾಡಿದರೂ ಕರಗುವುದಿಲ್ಲ. ಕಾರಣ, ಗಿಣ್ಣದ ಹಾಲಿನಲ್ಲಿ ಕೇಸಿನ್ ಅಲ್ಲದ ಇನ್ನೊಂದು ಬಗೆಯ ಪ್ರೋಟೀನ್ ಜಾಸ್ತಿ. ಅದು ಮೊಟ್ಟೆಯಂತೆ ಬಿಸಿಗೆ ಬೆಂದು ಗಟ್ಟಿಯಾಗುತ್ತದೆ. ಮಾಮೂಲಿ ಹಾಲಿನಲ್ಲೂ ಅದು ಸ್ವಲ್ಪ ಇದೆ. ಪನೀರಿಗೆ ಹಾಲನ್ನು ಮೊದಲು ಚೆನ್ನಾಗಿ ಕಾಯಿಸುತ್ತೇವೆ. ಆಗ ಅದು ಬೆಂದು ಕೇಸಿನ್ನಿಗೆ ಅಂಟಿಕೊಳ್ಳುತ್ತದೆ. ಬಿಸಿಯಲ್ಲೇ ಹುಳಿ ಹಾಕಿ ಒಡೆಸಿದಾಗ ಎರಡೂ ಸೇರಿ ಕಟ್ಟಿಕೊಳ್ಳುತ್ತವೆ. ಆಮೇಲೆ ಜಾರಲು ಜಾಗವೇ ಇಲ್ಲ.

ಮೊಝರೆಲ್ಲಾವನ್ನೂ ಬಿಸಿನೀರಿನಲ್ಲಿ ಎಳೆದು ಮಾಡುತ್ತಾರಲ್ಲ ಅಂತ ಕೆಲವರು ಕೇಳಬಹುದು. ನಿಜ. ಆದರೆ ಅಷ್ಟು ಹೊತ್ತಿಗೆ ಅದು ಹುಳಿ ಬಂದಿರುತ್ತದೆ. ಎಳೆಯಲು ಬರುವುದೇ ಆ ಹುಳಿಯಿಂದ.

ಪ್ರೊಸೆಸ್ಡ್ ಚೀಸ್ ಅಂತ ಕ್ಯೂಬ್, ಸ್ಲೈಸ್ ಬರುತ್ತದಲ್ಲ, ಅದರ ಪ್ಯಾಕೆಟ್ಟಿನ ಹಿಂದೆ ಐಎನ್‌ಎಸ್ 331 ಅಥವಾ 339 ಅಂತ ಇದೆಯೇ ನೋಡಿ. ಮೊದಲನೆಯದು ಸೋಡಿಯಂ ಸಿಟ್ರೇಟ್, ಎರಡನೆಯದು ಸೋಡಿಯಂ ಫಾಸ್ಫೇಟ್. ಕ್ಯಾಲ್ಸಿಯಂ ಅನ್ನು ಕಿತ್ತುಕೊಂಡು ಚೀಸ್ ನುಣ್ಣಗೆ ಕರಗುವಂತೆ ಮಾಡುವುದೇ ಇವುಗಳ ಕೆಲಸ. ಗಾರೆ ತೆಗೆದ ಗೋಡೆ ಕಾವಲಿ ಮೇಲೆ ನಿಲ್ಲುವುದಿಲ್ಲ. ಈ ಸಂಖ್ಯೆ ಕಂಡರೆ ಆ ಚೀಸನ್ನು ದೋಸೆ ಮೇಲೆ ತುರಿದು ಹಾಕಿ.

ಲೇಬಲ್ ಓದಿಯೂ ಅನುಮಾನ ಉಳಿದರೆ ಹೆಬ್ಬೆರಳ ಉಗುರಿನಷ್ಟು ಒಂದು ತುಂಡು ಕತ್ತರಿಸಿ ಬಿಸಿ ಕಾವಲಿ ಮೇಲಿಡಿ. ಎರಡು ನಿಮಿಷ ಕಾಯಿರಿ. ಮೂಲೆ ಚೂಪಾಗೇ ಉಳಿದರೆ ಹುರಿಯುವ ಜಾತಿ. ಮೂಲೆ ಮೊಂಡಾಗಿ ಬುಡ ಅಗಲವಾದರೆ ಕರಗುವ ಜಾತಿ. ಇಡೀ ಗಟ್ಟಿ ಹಾಳಾಗುವುದಕ್ಕಿಂತ ಒಂದು ಚೂರು ಹೋಗುವುದು ಮೇಲು.

ಈಗಾಗಲೇ ಕರಗಿ ಹೋಗಿದೆ, ಏನು ಮಾಡುವುದು? ಚೆಡ್ಡಾರ್ ಆಗಿದ್ದರೆ ಕೈ ಹಾಕಬೇಡಿ. ಉರಿ ಸಣ್ಣ ಮಾಡಿ ಹಾಗೇ ಬಿಡಿ. ಅಂಚು ಕೆಂಪಗಾದ ಮೇಲೆ ಒಲೆ ಆರಿಸಿ, ಒಂದು ನಿಮಿಷ ಬಿಟ್ಟು ಸಟ್ಟುಗದಲ್ಲಿ ಎಬ್ಬಿಸಿದರೆ ಹಪ್ಪಳದ ಹಾಗೆ ಬರುತ್ತದೆ. ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ. ಪ್ರೊಸೆಸ್ಡ್ ಚೀಸ್ ಹೀಗೆ ಬರುವುದಿಲ್ಲ, ಅಂಟಂಟಾಗುತ್ತದೆ.

ಕರಗುವ ಚೀಸನ್ನೇ ಹುರಿಯಬೇಕು ಅಂತಿದ್ದರೆ ಗ್ರೀಸ್ ದೇಶದವರ ದಾರಿ ಇದೆ. ಅವರ ಸಗನಾಕಿ ಅನ್ನುವ ತಿಂಡಿಗೆ ಆ ಹೆಸರು ಬಂದಿದ್ದು ಹುರಿಯುವ ಚಿಕ್ಕ ಬಾಣಲೆಯಿಂದ. ಗಟ್ಟಿ ಚೀಸನ್ನು ನೀರಲ್ಲಿ ಅದ್ದಿ, ಹಿಟ್ಟಿನಲ್ಲಿ ಹೊರಳಿಸಿ, ಚೆನ್ನಾಗಿ ಕಾದ ಎಣ್ಣೆಗೆ ಹಾಕುತ್ತಾರೆ. ಒಳಗೆ ಕರಗುವ ಮೊದಲೇ ಹೊರಗೆ ಹೊದಿಕೆ ಗಟ್ಟಿಯಾಗುತ್ತದೆ. ಜಮ್ಮು ಕಡೆಯ ಕಲಾರಿಯೂ ಇಂಥದ್ದೇ. ಅದರ ಜಿಡ್ಡಿನಲ್ಲೇ ಹುರಿದರೆ ಹೊರಗೆ ಕೆಂಪು ಪದರ, ಒಳಗೆ ಮೆತ್ತಗೆ. ನಮ್ಮ ಕಡೆ ಸಿಗುವುದಿಲ್ಲ, ಆದರೆ ಯಾರಾದರೂ ಆ ಕಡೆಯಿಂದ ಬರುವವರಿದ್ದರೆ ಹೇಳಿ ತರಿಸಿಕೊಳ್ಳುವಂಥದ್ದು.

ಇಲ್ಲಿ ಸಿಗುವುದು ಯಾವುದು

ಶಿವಮೊಗ್ಗದಲ್ಲಿ, ನಮ್ಮ ತಾಲೂಕು ಊರುಗಳಲ್ಲೂ, ಖಚಿತವಾಗಿ ಸಿಗುವ ಹುರಿಯುವ ಚೀಸ್ ಪನೀರ್ ಒಂದೇ. ನಂದಿನಿ ಪಾರ್ಲರಿನಲ್ಲಿ ಕೇಳಿದರೆ ಕೊಡುತ್ತಾರೆ. ಸೂಪರ್ ಮಾರ್ಕೆಟ್ಟುಗಳ ಫ್ರಿಜ್ಜಿನಲ್ಲಿ ಉಳಿದಂತೆ ಕಾಣುವುದು ಬಹುಪಾಲು ಮೊಝರೆಲ್ಲಾ, ಚೆಡ್ಡಾರ್, ಪ್ರೊಸೆಸ್ಡ್. ಮೂರೂ ಕರಗುವವೇ.

ಹಲ್ಲೂಮಿ ಬೇಕಾದರೆ ಬೆಂಗಳೂರಿನಿಂದ ತರಿಸಬೇಕು. ಈಗ ನಮ್ಮ ದೇಶದಲ್ಲೇ ಆಕಳ ಹಾಲಲ್ಲಿ ಮಾಡುವವರಿದ್ದಾರೆ. ಕೆಲವು ಪ್ಯಾಕೆಟ್ಟಿನ ಮೇಲೆ 'ಗ್ರಿಲ್ಲಿಂಗ್ ಚೀಸ್' ಅಂತ ಇರುತ್ತದೆ. ನಮ್ಮ ಹುಡುಗಿ ಊರಿಗೆ ಬರುವಾಗ ರೈಲಿನಲ್ಲಿ ತರುತ್ತಾಳೆ. ಸುಮಾರು ಐದು ಗಂಟೆ ದಾರಿ. ಹಿಂದಿನ ರಾತ್ರಿ ಫ್ರೀಜರಿನಲ್ಲಿ ಗಟ್ಟಿ ಮಾಡಿದ ನೀರಿನ ಬಾಟಲಿಯ ಪಕ್ಕ ಇಟ್ಟು, ನಾಲ್ಕು ಸುತ್ತು ಪೇಪರ್ ಸುತ್ತಿ, ಮೇಲೊಂದು ಟವೆಲ್. ಮನೆ ಮುಟ್ಟುವಾಗಲೂ ತಣ್ಣಗೇ ಇರುತ್ತದೆ.

ಸಸ್ಯಾಹಾರಿಗಳು ಹಸಿರು ಚುಕ್ಕೆ ನೋಡಿಕೊಳ್ಳಿ. ರೆನೆಟ್ ಮೂಲತಃ ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದದ್ದು. ಈಗ ಸೂಕ್ಷ್ಮಜೀವಿಗಳಿಂದ ತೆಗೆದದ್ದೂ ಇದೆ, ಇಲ್ಲಿ ಮಾಡುವವರು ಸಾಮಾನ್ಯವಾಗಿ ಅದನ್ನೇ ಬಳಸುತ್ತಾರೆ. ಹೊರದೇಶದ ಪ್ಯಾಕೆಟ್ ಆದರೆ ನೋಡಿಯೇ ತಗೊಳ್ಳಬೇಕು.

ಹಲ್ಲೂಮಿಯನ್ನು ಮನೆಯಲ್ಲೇ ಮಾಡುವ ಹಟ ಇದ್ದವರಿಗೆ ಒಂದು ಮಾತು. ಸಸ್ಯಾಹಾರಿ ರೆನೆಟ್ ಮಾತ್ರೆ ಆನ್‌ಲೈನಿನಲ್ಲಿ ಸಿಗುತ್ತದೆ. ಹಾಲು ಮನೆಯ ಕೊಟ್ಟಿಗೆಯದ್ದೇ ಆಗಬೇಕು. ತಿಂಗಳುಗಟ್ಟಲೆ ಇರುವ ಟೆಟ್ರಾ ಪ್ಯಾಕ್ ಹಾಲು ರೆನೆಟ್ಟಿಗೆ ಸರಿಯಾಗಿ ಗಟ್ಟಿಯಾಗುವುದಿಲ್ಲ, ಅದು ಆಗಲೇ ಜಾಸ್ತಿ ಬಿಸಿ ಕಂಡಿರುತ್ತದೆ. ನಾವು ದಿನಾ ಕಾಯಿಸುವಂತೆ ಉಕ್ಕು ಬರಿಸಿದ ಹಾಲಿಗೂ ಇದೇ ಗತಿ. 63 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಕೈಗೆ ಬೆಚ್ಚಗೆ ಅನ್ನಿಸುವ 33 ಡಿಗ್ರಿಗೆ ಇಳಿಸಿ, ಆಮೇಲೆ ರೆನೆಟ್. ನನಗೆ ಮೊದಲ ಸಲ ಗಟ್ಟಿಯೇ ಆಗಲಿಲ್ಲ. ಉಕ್ಕು ಬರಿಸಿದ್ದೇ ಕಾರಣ ಅಂತ ಎರಡನೆಯ ಸಲ ಥರ್ಮಾಮೀಟರ್ ಇಟ್ಟುಕೊಂಡು ಮಾಡಿದಾಗ ಗೊತ್ತಾಯಿತು. ನಾಲ್ಕು ಲೀಟರ್ ಹಾಲಿಗೆ ಸುಮಾರು 400 ಗ್ರಾಂ ಬಂತು.

ಮುರಿದು ಪುಡಿಯಾದರೆ

ಮನೆಯಲ್ಲಿ ಒಡೆಸಿದ ಪನೀರಿಗೆ ಬರುವ ಕಾಯಿಲೆ ಇದು. ಕತ್ತರಿಸುವಾಗಲೇ ಅಂಚು ಉದುರುತ್ತದೆ. ಕಾವಲಿ ಮೇಲೆ ಮಗುಚಿದರೆ ಎರಡು ಹೋಳು. ಆಮೇಲೆ ಬುರ್ಜಿ ಮಾಡುವುದೊಂದೇ ದಾರಿ. ಇಲ್ಲಿ ತಪ್ಪು ಹುಡುಕಲು ಪನೀರ್ ನೋಡಬೇಡಿ. ಸೋಸಿ ಉಳಿದ ನೀರು ನೋಡಿ. ಅದು ಎಲ್ಲವನ್ನೂ ಹೇಳುತ್ತದೆ.

ನೀರು ಇನ್ನೂ ಹಾಲಿನ ಹಾಗೆ ಬೆಳ್ಳಗಿದ್ದರೆ ಹುಳಿ ಸಾಕಾಗಿಲ್ಲ, ಇಲ್ಲವೇ ಹಾಲು ಆರಿತ್ತು. ಪೂರ್ತಿ ಕಟ್ಟಿಕೊಂಡಿಲ್ಲ. ಅಂಥ ಪನೀರ್ ಪೇಸ್ಟಿನ ಹಾಗೆ ಮೆತ್ತಗಿರುತ್ತದೆ.

ನೀರು ತಿಳಿಯಾಗಿದೆ, ಆದರೆ ಪನೀರ್ ರವೆಯ ಹಾಗೆ ಕಾಳುಕಾಳಾಗಿದೆ ಅಂದರೆ ಹುಳಿ ಜಾಸ್ತಿ ಆಯಿತು. ಅಥವಾ ಒಡೆದ ಮೇಲೂ ಕುದಿಸಿದಿರಿ. ನಮ್ಮಲ್ಲಿ ಬಹಳ ಮಂದಿ ಮಾಡುವ ತಪ್ಪು ಇದೇ. ಹಾಲು ಒಡೆಯಿತು, ಇನ್ನೂ ಸ್ವಲ್ಪ ಒಡೆಯಲಿ ಅಂತ ಒಲೆ ಮೇಲೇ ಬಿಡುತ್ತೇವೆ. ಆ ಎರಡು ನಿಮಿಷದಲ್ಲಿ ಗಟ್ಟಿ ತನ್ನ ನೀರನ್ನೆಲ್ಲ ಹಿಂಡಿಕೊಂಡು ಕಾಳು ಕಟ್ಟುತ್ತದೆ. ಕಾಳಿಗೆ ಕಾಳು ಆಮೇಲೆ ಅಂಟುವುದಿಲ್ಲ. ಎಷ್ಟು ಭಾರ ಹೇರಿದರೂ ಅಷ್ಟೇ.

ನೀರು ತಿಳಿ ಹಸಿರು ಹಳದಿ, ಮುಟ್ಟಿದರೆ ಪನೀರ್ ಮೆತ್ತಗೆ ಒಟ್ಟಿಗಿದೆ, ಆದರೂ ಕತ್ತರಿಸಿದಾಗ ಮುರಿಯಿತು ಅಂದರೆ ಒಡೆಸಿದ್ದು ಸರಿ, ಒತ್ತಿದ್ದು ಸರಿಯಿಲ್ಲ.

ನಾನು ಈಗ ಮಾಡುವುದು ಹೀಗೆ. ಹಾಲು ಒಂದು ಉಕ್ಕು ಬಂದ ಮೇಲೆ ಇಳಿಸಿ ಮೂರು ನಾಲ್ಕು ನಿಮಿಷ ಬಿಡುತ್ತೇನೆ. 80 ಡಿಗ್ರಿ ಹತ್ತಿರ ಬರುತ್ತದೆ. ಲೀಟರಿಗೆ ಎರಡು ದೊಡ್ಡ ಚಮಚ ಲಿಂಬೆರಸ, ಅಷ್ಟೇ ನೀರು ಸೇರಿಸಿ ಇಟ್ಟುಕೊಳ್ಳುತ್ತೇನೆ. ಒಮ್ಮೆಲೇ ಸುರಿಯುವುದಿಲ್ಲ. ಒಂದು ಚಮಚ ಹಾಕುವುದು, ಸೌಟಿನಲ್ಲಿ ನಿಧಾನ ಎರಡು ಸುತ್ತು. ಮತ್ತೊಂದು ಚಮಚ. ನೀರು ಬೇರೆಯಾದ ಕೂಡಲೇ ನಿಲ್ಲಿಸುವುದು, ರಸ ಉಳಿದಿದ್ದರೂ ಸರಿ. ಹೇರಳೆಕಾಯಿ ರಸದಲ್ಲೂ ಮಾಡಿದ್ದೇನೆ, ಒಡೆಯುತ್ತದೆ, ಆದರೆ ಅದರ ಪರಿಮಳ ಪನೀರಿನಲ್ಲಿ ಉಳಿದುಬಿಡುತ್ತದೆ. ಪ್ರತಿ ಕಾಯಿಯ ಹುಳಿ ಬೇರೆ ಬೇರೆ. ಅದಕ್ಕೇ ಅಳತೆ ನಂಬದೆ ನೀರಿನ ಬಣ್ಣ ನಂಬಬೇಕು.

ಐದು ನಿಮಿಷ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಸೋಸಿ, ಬಿಸಿ ಇರುವಾಗಲೇ ಮಡಚಿ ಒತ್ತಬೇಕು. ತಣ್ಣಗಾದ ಮೇಲೆ ಒತ್ತಿದರೆ ಕಾಳುಗಳು ಬೆಸೆದುಕೊಳ್ಳುವುದಿಲ್ಲ. ಮಣೆಯನ್ನು ಸ್ವಲ್ಪ ಓರೆಯಾಗಿಟ್ಟು, ಮೇಲೊಂದು ತಟ್ಟೆ, ಅದರ ಮೇಲೆ ನೀರು ತುಂಬಿದ ಪಾತ್ರೆ. ಎರಡು ಲೀಟರ್ ಹಾಲಿನ ಪನೀರಿಗೆ ಮೂರು ಕೆಜಿ ಭಾರ, ಮುಕ್ಕಾಲು ಗಂಟೆ. ಆಮೇಲೆ ತಣ್ಣೀರಿನಲ್ಲಿ ಎರಡು ಗಂಟೆ ಮುಳುಗಿಸಿ ಫ್ರಿಜ್ಜಿನಲ್ಲಿಡುವುದು. ಈ ಎರಡು ಗಂಟೆಯನ್ನು ಬಿಡಬೇಡಿ. ಬೆಚ್ಚಗಿರುವಾಗ ಕತ್ತರಿಸಿದ ಪನೀರ್ ಎಷ್ಟು ಚೆನ್ನಾಗಿ ಒತ್ತಿದ್ದರೂ ಅಂಚು ಉದುರಿಸುತ್ತದೆ.

ಹಾಲಿನ ವಿಷಯ ಹೇಳಬೇಕು. ಎಮ್ಮೆ ಹಾಲಿನ ಪನೀರ್ ಗಟ್ಟಿ, ಕತ್ತರಿಸಲು ಚೆಂದ. ಆಕಳ ಹಾಲಿನದ್ದು ಮೆತ್ತಗೆ, ಹುಷಾರಾಗಿ ಮಗುಚಬೇಕು. ಪ್ಯಾಕೆಟ್ ಹಾಲಾದರೆ 6% ಜಿಡ್ಡಿನ ಫುಲ್ ಕ್ರೀಮ್ ತಗೊಳ್ಳಿ. 3% ಟೋನ್ಡ್ ಹಾಲಿನಲ್ಲಿ ಪನೀರ್ ಆಗುತ್ತದೆ, ಆದರೆ ಒಣಕಲು, ಹುರಿದರೆ ಜಗಿಯಲು ಕಷ್ಟ. ಇನ್ನೊಂದು ತಪ್ಪು ನಮ್ಮ ಮನೆಗಳದ್ದೇ. ಬೆಣ್ಣೆಗಾಗಿ ದಿನಾ ಕೆನೆ ತೆಗೆಯುತ್ತೇವೆ. ಉಳಿದ ಹಾಲಿನಲ್ಲಿ ಪನೀರ್ ಮಾಡುತ್ತೇವೆ. ಅದು ಗಟ್ಟಿಯಾಗಿ, ಒಣಗಿದ ಹಾಗೆ ಬಂದರೆ ಆಶ್ಚರ್ಯವಿಲ್ಲ, ಮೆತ್ತಗಿಡುವ ಜಿಡ್ಡು ಬೆಣ್ಣೆಯ ಗಡಿಗೆಯಲ್ಲಿದೆ. ಪನೀರ್ ಮಾಡುವ ದಿನ ಕೆನೆ ತೆಗೆಯಬೇಡಿ.

ಸೋಸಿದ ನೀರು ಚೆಲ್ಲಬೇಡಿ. ಅಕ್ಕಿರೊಟ್ಟಿಯ ಹಿಟ್ಟಿಗೆ, ಸಾರಿಗೆ ಆಗುತ್ತದೆ. ಉಳಿದದ್ದು ಕಲಗಚ್ಚಿಗೆ.

ಅಂಗಡಿಯ ಪನೀರ್ ಪುಡಿಯಾದರೆ ಮೊದಲು ಕೇಳಬೇಕಾದ ಪ್ರಶ್ನೆ: ಫ್ರೀಜರಿನಲ್ಲಿ ಇತ್ತೇ? ಒಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಪನೀರಿನ ಕಟ್ಟನ್ನೇ ಒಡೆದಿರುತ್ತದೆ. ಕರಗಿದ ಮೇಲೆ ಸ್ಪಂಜಿನ ಹಾಗಾಗುತ್ತದೆ. ಅದನ್ನು ಗ್ರೇವಿಗೆ ಹಾಕಿ, ಕಾವಲಿಗೆ ಬೇಡ.

ಅಂಟಿಕೊಂಡರೆ

ಚೀಸ್ ಸರಿಯಾದ ಜಾತಿ, ತುಂಡು ಗಟ್ಟಿಯಾಗಿದೆ, ಆದರೂ ಚರ್ಮ ಕಿತ್ತ ಹಾಗೆ ಕಾವಲಿಗೆ ಹಿಡಿಯಿತು. ಈಗ ಕಾವಲಿಯನ್ನು ನೋಡುವ ಸರದಿ.

ಎಣ್ಣೆ ಹಾಕುವ ಮೊದಲು ನೀರು ಚಿಮುಕಿಸಿ. ಸುಮ್ನೆ ನಿಂತು ನಿಧಾನ ಕುದಿದರೆ ಕಾವು ಸಾಲದು. ಚುರ್ ಅಂತ ಒಂದೆರಡು ಸೆಕೆಂಡಿನಲ್ಲಿ ಆರಿದರೆ ಸರಿ. ಮುತ್ತಿನ ಹಾಗೆ ಉರುಳಾಡಿದರೆ ಜಾಸ್ತಿ ಕಾದಿದೆ, ಸ್ವಲ್ಪ ಇಳಿಸಿ. ಕಾವಲಿ ಪೂರ್ತಿ ಒಣಗಿದ ಮೇಲೆ ಎಣ್ಣೆ ಹಾಕಿ. ಬೆಣ್ಣೆ ಬೇಡ, ಅದರಲ್ಲಿರುವ ಹಾಲಿನ ಅಂಶ ಬೇಗ ಕಪ್ಪಾಗುತ್ತದೆ. ತುಪ್ಪ ಎಲ್ಲಕ್ಕಿಂತ ಒಳ್ಳೆಯದು.

ಆಮೇಲೆ ಬೇಕಾದದ್ದು ತಾಳ್ಮೆ. ತುಂಡು ಇಟ್ಟ ಮೇಲೆ ಮುಟ್ಟಬೇಡಿ. ಮೊದಲ ನಿಮಿಷದಲ್ಲಿ ಯಾವ ಚೀಸೂ ಅಂಟುತ್ತದೆ. ಅಡಿಯಲ್ಲಿ ಕೆಂಪು ಪದರ ಕಟ್ಟಿದ ಮೇಲೆ ತಾನಾಗಿ ಬಿಡುತ್ತದೆ, ದೋಸೆ ಬಿಡುವ ಹಾಗೆ. ಎರಡು ಎರಡೂವರೆ ನಿಮಿಷಕ್ಕೆ ಕಾವಲಿಯನ್ನು ಸ್ವಲ್ಪ ಅಲುಗಿಸಿ. ತುಂಡು ಜಾರಿತು ಅಂದರೆ ಮಗುಚಬಹುದು. ಜಾರದಿದ್ದರೆ ಇನ್ನರ್ಧ ನಿಮಿಷ.

ಮಳೆಗಾಲದಲ್ಲಿ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ನಮ್ಮ ಕಡೆ ಜುಲೈ ತಿಂಗಳಲ್ಲಿ ಕಬ್ಬಿಣದ ಕಾವಲಿಯನ್ನು ತೊಳೆದು ಹಾಗೇ ಇಟ್ಟರೆ ಒಂದೇ ರಾತ್ರಿಗೆ ತುಕ್ಕು. ಅದನ್ನು ತಿಕ್ಕಿ ತೆಗೆದರೆ ಪಳಗಿದ ಪದರವೂ ಹೋಗುತ್ತದೆ. ದೋಸೆಯೂ ಏಳುವುದಿಲ್ಲ, ಚೀಸೂ ಏಳುವುದಿಲ್ಲ. ತೊಳೆದ ಮೇಲೆ ಒಲೆ ಮೇಲೆ ಒಣಗಿಸಿ ಎಣ್ಣೆ ಸವರಿ ಇಡಬೇಕು. ಹುರಿಯುವ ಮೊದಲು ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ. ಎರಡು ದೋಸೆ ಹೊಯ್ದು ತೆಗೆದ ಕಾವಲಿ ಸಿಕ್ಕರೆ ಇನ್ನೂ ಒಳ್ಳೆಯದು.

ಸಿಡಿದರೆ, ಬಣ್ಣ ಬಾರದಿದ್ದರೆ

ಇವೆರಡೂ ಒಂದೇ ಕಾಯಿಲೆ. ನೀರು. ಒಳ್ಳೆಯ ಪನೀರಿನಲ್ಲೇ 60% ವರೆಗೆ ನೀರಿರಬಹುದು. ಹಲ್ಲೂಮಿ ಉಪ್ಪುನೀರಿನಿಂದ ಎದ್ದು ಬಂದಿರುತ್ತದೆ. ಮೇಲ್ಮೈ ಒದ್ದೆ ಇರುವವರೆಗೆ ಅದರ ಕಾವು 100 ಡಿಗ್ರಿ ದಾಟುವುದಿಲ್ಲ. ಕೆಂಪು ಬಣ್ಣ ಬರಲು 140 ಡಿಗ್ರಿಯಾದರೂ ಬೇಕು. ಎಣ್ಣೆಯಡಿ ಸಿಕ್ಕ ನೀರು ಹಬೆಯಾಗಿ ಸಿಡಿಯುತ್ತದೆ, ಚೀಸ್ ಬೆಳ್ಳಗೇ ಬೇಯುತ್ತಾ ಇರುತ್ತದೆ. ಕತ್ತರಿಸಿದ ತುಂಡುಗಳನ್ನು ಒಣ ಹತ್ತಿಬಟ್ಟೆಯ ಮೇಲೆ ಹರಡಿ, ಮೇಲೆ ಇನ್ನೊಂದು ಬಟ್ಟೆ ಮುಚ್ಚಿ, ಕಾಲು ಗಂಟೆ ಬಿಡಿ. ಪನೀರಿಗೆ ಚಿಟಿಕೆ ಅಕ್ಕಿಹಿಟ್ಟು ಉದುರಿಸಿ ಕೊಡವಿದರೆ ಇನ್ನೂ ಬೇಗ ಗರಿ ಬರುತ್ತದೆ. ಕಾವಲಿ ತುಂಬ ತುಂಡು ಜೋಡಿಸಬೇಡಿ. ನಡುವೆ ಎರಡು ಬೆರಳು ಜಾಗ ಇದ್ದರೆ ಹಬೆ ಹೋಗುತ್ತದೆ.

ಉಪ್ಪು

ಹಲ್ಲೂಮಿ ತೀರಾ ಉಪ್ಪಾದರೆ ತುಂಡು ಮಾಡಿ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ ಒರೆಸಿ. ಪನೀರ್ ಸಪ್ಪೆಯಾದರೆ ಅದೇ ಹೊತ್ತು ಉಪ್ಪುನೀರಿನಲ್ಲಿ. ಮೇಲೆ ಉದುರಿಸಿದ ಉಪ್ಪು ಬೇಗ ಒಳಗೆ ಹೋಗುವುದಿಲ್ಲ.

ಎಣ್ಣೆ ಬಿಟ್ಟುಕೊಂಡರೆ

ಕಾವಲಿಗೆ ನೀವು ಹಾಕಿದ್ದು ಒಂದು ಚಮಚ, ತುಂಡಿನ ಸುತ್ತ ನಿಂತದ್ದು ಮೂರು ಚಮಚ. ಹಾಲಿನ ಪರಿಮಳವಿಲ್ಲ. ಹೀಗಾದರೆ ಅದು ಪನೀರ್ ಹೌದೋ ಅಲ್ಲವೋ ನೋಡಬೇಕು. ಹಾಲಿನ ಜಿಡ್ಡಿನ ಬದಲು ಸಸ್ಯದ ಎಣ್ಣೆ ಸೇರಿಸಿ ಮಾಡಿದ್ದನ್ನು ಬರೀ ಪನೀರ್ ಅಂತ ಹೆಸರಿಟ್ಟು ಮಾರುವಂತಿಲ್ಲ, ಲೇಬಲ್ಲಿನಲ್ಲಿ ಅನಲಾಗ್ ಅಂತ ಇರಲೇಬೇಕು. ನಮ್ಮ ಆಹಾರ ಸುರಕ್ಷತಾ ನಿಯಮದಂತೆ ಪನೀರಿನಲ್ಲಿ ನೀರು ಬಿಟ್ಟು ಉಳಿದ ಭಾಗದ 50%ಕ್ಕೆ ಕಡಿಮೆಯಿಲ್ಲದಂತೆ ಹಾಲಿನ ಜಿಡ್ಡಿರಬೇಕು. ಬಿಡಿಯಾಗಿ ತೂಕ ಮಾಡಿ ಕೊಡುವ ಕಡೆ ಓದಲು ಲೇಬಲ್ಲೇ ಇರುವುದಿಲ್ಲ. ಆದ್ದರಿಂದ ನಾನು ಬಿಡಿ ಪನೀರ್ ತಗೊಳ್ಳುವುದನ್ನೇ ಬಿಟ್ಟಿದ್ದೇನೆ.

ಹಿಟ್ಟು ಬೆರೆಸಿದ್ದಾರೆಯೇ ಅಂತ ಮನೆಯಲ್ಲೇ ನೋಡಬಹುದು. ಒಂದು ಚೂರನ್ನು ನೀರಿನಲ್ಲಿ ಕುದಿಸಿ, ಆರಿಸಿ, ಎರಡು ಹನಿ ಟಿಂಚರ್ ಅಯೋಡಿನ್ ಬಿಡಿ. ಕಡು ನೀಲಿಯಾದರೆ ಹಿಟ್ಟು ಇದೆ. ಆ ಚೂರನ್ನು ಬಿಸಾಡಿ, ತಿನ್ನಬೇಡಿ. ಎಣ್ಣೆ ಬೆರೆಸಿದ್ದು ಇದರಲ್ಲಿ ಗೊತ್ತಾಗುವುದಿಲ್ಲ.

ಇಲ್ಲೇ ಇನ್ನೊಂದು ಮಾತು. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ನಮ್ಮಲ್ಲಿ ಎರಡು ದಿನ ಬರುವುದಿಲ್ಲ. ಆಗ ಫ್ರಿಜ್ಜಿನಲ್ಲಿದ್ದ ಪನೀರ್ ಬೆರಳಿಗೆ ಲೋಳೆ ಲೋಳೆ ಅನ್ನಿಸಿದರೆ, ಹುಳಿ ವಾಸನೆ ಬಂದರೆ ಹುರಿದು ಸರಿಮಾಡಲು ಹೋಗಬೇಡಿ. ಹುರಿದರೆ ವಾಸನೆ ಹೋಗಬಹುದು, ಕೆಟ್ಟದ್ದು ಕೆಟ್ಟದ್ದೇ. ಒಡೆದ ಪ್ಯಾಕೆಟ್ಟನ್ನು ಎರಡು ಮೂರು ದಿನದಲ್ಲಿ ಮುಗಿಸಿ. ಮಳೆಗಾಲದಲ್ಲಿ ನಾನು ತರುವುದೇ 200 ಗ್ರಾಂ, ತಂದ ದಿನವೇ ಹುರಿಯುವುದು.

ರಬ್ಬರಿನ ಹಾಗಾದರೆ

ಪನೀರ್ ರಬ್ಬರ್ ಆಗುವುದು ಜಾಸ್ತಿ ಹೊತ್ತು ಒಲೆ ಮೇಲಿದ್ದರೆ. ಬಣ್ಣ ಬಂದ ಮೇಲೂ ಬಿಟ್ಟರೆ ಒಳಗಿನ ನೀರು ಹೋಗಿ ಗಟ್ಟಿ ಬಿಗಿಯುತ್ತದೆ. ಒಂದು ಸೆಂಟಿಮೀಟರ್ ದಪ್ಪದ ತುಂಡಿಗೆ ಒಂದು ಮಗ್ಗುಲಿಗೆ ಎರಡು ಮೂರು ನಿಮಿಷ ಸಾಕು. ಬಿಗಿದೇ ಹೋಗಿದ್ದರೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಹತ್ತು ನಿಮಿಷ ಇಡಿ. ಮೆತ್ತಗಾಗುತ್ತದೆ. ಗರಿ ಮಾತ್ರ ವಾಪಸ್ ಬರುವುದಿಲ್ಲ.

ಹಲ್ಲೂಮಿ ಹಾಗಲ್ಲ. ಅದು ಹಲ್ಲಿಗೆ ಕಿರ್ ಕಿರ್ ಅನ್ನುವುದು ಅದರ ಗುಣ, ದೋಷವಲ್ಲ. ಮೊದಲ ಸಲ ಅಮ್ಮನಿಗೆ ಕೊಟ್ಟಾಗ "ಬೆಂದಿಲ್ಲ ಕಣೆ ಇದು" ಅಂದರು. ಮತ್ತೆ ಕಾವಲಿಗೆ ಹಾಕಿದೆ. ಮತ್ತೂ ಬಿಗಿಯಿತು. ನಿಜವಾದ ತಪ್ಪು ಬೇರೆ ಇತ್ತು. ನಾನು ಎಲ್ಲ ತುಂಡನ್ನೂ ಹುರಿದು, ತಟ್ಟೆಯಲ್ಲಿ ಜೋಡಿಸಿ, ಎಲ್ಲರನ್ನೂ ಕರೆದು ಕೂರಿಸಿ ಬಡಿಸಿದ್ದೆ. ಅಷ್ಟರಲ್ಲಿ ಹತ್ತು ನಿಮಿಷ ಆಗಿತ್ತು. ಆರಿದ ಹಲ್ಲೂಮಿ ಜಗಿದಷ್ಟೂ ಮುಗಿಯುವುದಿಲ್ಲ.

ಈಗ ದೋಸೆ ಬಡಿಸುವ ಹಾಗೇ ಬಡಿಸುತ್ತೇನೆ. ಎಲ್ಲರೂ ಮೊದಲು ಕೂತಿರಬೇಕು. ಕಾವಲಿಯಿಂದ ಎರಡು ಎರಡೇ ತುಂಡು, ನೇರ ತಟ್ಟೆಗೆ. ಮೇಲೆ ಆಗಷ್ಟೇ ಕುಟ್ಟಿದ ನಮ್ಮ ತೋಟದ ಕಾಳುಮೆಣಸು, ಅರ್ಧ ಚಮಚ ಜೋನಿಬೆಲ್ಲ. ಉಪ್ಪಿನ ಚೀಸಿಗೆ ಜೋನಿಬೆಲ್ಲ ತಾಗಿದಾಗ ಬರುವ ರುಚಿಗೆ ನನಗೆ ಬೇರೆ ಹೋಲಿಕೆ ಸಿಕ್ಕಿಲ್ಲ. ಅಮ್ಮ ಈಗ ಮೂರನೆಯ ಸರದಿಗೂ ತಟ್ಟೆ ಮುಂದೆ ಮಾಡುತ್ತಾರೆ. ತಪ್ಪಿ ಎರಡು ತುಂಡು ಉಳಿದು ಆರಿದರೆ ಸಣ್ಣಗೆ ಹೆಚ್ಚಿ ಮರುದಿನದ ಬೀನ್ಸ್ ಪಲ್ಯಕ್ಕೆ ಹಾಕಿ, ಒಂದು ಸುತ್ತು ಬಿಸಿ ಮಾಡಿ ಇಳಿಸಿಬಿಡಿ.